ನಮ್ಮ ಕೃಷ್ಣಾ ಕೊಳ್ಳದ ಮೀನು ಕಾವೇರಿಯಲ್ಲಿ ಮಾಡಿದ್ದೇನು?

ಹಿಂದವಾಡಿ: ಅಕ್ವೇರಿಯಂ ಮೀನು ದೊಡ್ಡದಾಯ್ತು, ಸಾಕಾಕ ಆಗವಲ್ದು, ಖಾನಾಪುರ ಕಡೆ ಹೋದಾಗ ಮಲಪ್ರಭಾ ನದಿಗೆ ಬಿಟ್ಟರಾಯ್ತು ಅನ್ನೋರು ಒಮ್ಮೆ ಕಾವೇರಿಯ ಕಥೆ ಕೇಳ್ರಿ.

ಡುಬ್ಬದ ಮಹಶೀರ್ ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಮೀನು. 50 ಕೆಜಿ ದಾಟಿ ಬೆಳೆಯುತ್ತದೆ. ಅದೇ ನದಿಗೆ ಕೆಲವು ದಶಕಗಳ ಹಿಂದೆ ಲೋನಾವಳದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ತಂದು ಬಿಟ್ಟರು. ಉದ್ದೇಶ ಒಳ್ಳೇದೇ, ಮಹಶೀರ್ ಹೆಚ್ಚಲಿ ಅಂತ. ಈ ನೀಲಿ ರೆಕ್ಕೆಯದು ವಿದೇಶದ್ದಲ್ಲ. ನಮ್ಮ ಮಲಪ್ರಭಾ, ಘಟಪ್ರಭಾ ಸೇರುವ ಕೃಷ್ಣಾ ಕೊಳ್ಳದ್ದು. ಆದರೆ ಕಾವೇರಿಗೆ ಅದು ಹೊರಗಿನದೇ.

ಕನಕಪುರ ಕಡೆಯ ಗಾಳಿಬೋರೆಯಲ್ಲಿ ಗಾಳ ಹಾಕುತ್ತಿದ್ದವರ 1998ರಿಂದ 2012ರವರೆಗಿನ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ನೀಲಿ ರೆಕ್ಕೆಯವು ಏರುತ್ತಾ ಹೋಗಿವೆ. ಡುಬ್ಬದವು ಸಿಗೋದೇ ಕಡಿಮೆ, ಸಿಕ್ಕವೆಲ್ಲ ದೊಡ್ಡ ದೊಡ್ಡವು. ಇದು ಖುಷಿಪಡೋ ಸುದ್ದಿ ಅಲ್ರಿ. ಮುದುಕರಷ್ಟೇ ಉಳಿದು ಮಕ್ಕಳೇ ಇಲ್ಲದ ಊರಿನಂಗ ಅದು. ಅಣೆಕಟ್ಟು, ಡೈನಮೈಟ್ ಹಾಕಿ ಮೀನು ಹಿಡಿಯೋದು ಸಹ ಕಾರಣ ಅನ್ನಿ. 2018ರಲ್ಲಿ ಐಯುಸಿಎನ್ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಪಕ್ಕದ ಕೊಳ್ಳದ ಮೀನೇ ಹಿಂಗ ಮಾಡಿದ್ರ, ಅಕ್ವೇರಿಯಂನ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಮೈಮೇಲೆ ಗಟ್ಟಿ ಕವಚ, ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. 2020ರಲ್ಲಿ ವಾರಾಣಸಿಯ ಗಂಗೆಯಲ್ಲೂ ಸಿಕ್ಕಿತ್ತು. ಮಲಪ್ರಭಾಕ್ಕೆ ಬಿಟ್ಟದ್ದು ಖಾನಾಪುರದಾಗೇ ಇರಂಗಿಲ್ಲ, ಸವದತ್ತಿಯ ನವಿಲುತೀರ್ಥ ಜಲಾಶಯದವರೆಗೂ ಅದಕ್ಕ ದಾರಿ ಐತಿ. ಬ್ಯಾಡಾದ ಮೀನನ್ನ ತಂದ ಅಂಗಡಿಗೇ ವಾಪಸ್ ಕೊಡ್ರಿ, ಇಲ್ಲಾ ಸಾಕೋರು ಯಾರಾದ್ರೂ ಇದ್ರ ಅವರಿಗೆ ಕೊಡ್ರಿ.