ಬಹುಮತ ಎಣಿಸುವ ಜಾಗ ಯಾವುದು?



ಅಮ್ಮಿನಬಾವಿಯಂಥ ಊರಿನ ಹಾಲು ಸಂಘದಲ್ಲಿ ಅಧ್ಯಕ್ಷರ ಮೇಲೆ ವಿಶ್ವಾಸವಿಲ್ಲವೆಂದು ನಾಲ್ಕು ಜನ ಸಹಿ ಮಾಡಿಕೊಟ್ಟರೆ ಸಾಲದು. ಸಭೆ ಕರೆದು ಮತ ಎಣಿಸಬೇಕು. ಹುಬ್ಬಳ್ಳಿಯ ವಕೀಲರಾಗಿದ್ದ ಎಸ್.ಆರ್. ಬೊಮ್ಮಾಯಿಯವರು ಇದೇ ಮಾತಿಗಾಗಿ ಐದು ವರ್ಷ ಹೋರಾಡಿದರು.

1988ರ ಆಗಸ್ಟ್ 13ರಂದು ಅವರು ಮುಖ್ಯಮಂತ್ರಿಯಾದರು. ಎಂಟು ತಿಂಗಳಲ್ಲಿ, 19 ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈಸೇರಿದವು. ಏಪ್ರಿಲ್ 20ರಂದು ಅವರಲ್ಲಿ 7 ಜನ, ತಪ್ಪು ತಿಳಿಸಿ ಸಹಿ ಪಡೆದರೆಂದು ಬರೆದುಕೊಟ್ಟರು. ಸದನದಲ್ಲೇ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿಯವರು ಕೇಳಿಕೊಂಡರೂ ಮರುದಿನವೇ ರಾಷ್ಟ್ರಪತಿ ಆಡಳಿತ ಬಂತು.

ಹೈಕೋರ್ಟಿನಲ್ಲಿ ಸೋತರೂ ಬಿಡಲಿಲ್ಲ, ವಕೀಲರಲ್ಲವೇ! 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ತೀರ್ಪಿತ್ತಿತು: ಬಹುಮತದ ಪರೀಕ್ಷೆ ನಡೆಯಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಕುರ್ಚಿ ಮಾತ್ರ ಮರಳಲಿಲ್ಲ. ಚುನಾವಣೆ ನಡೆದು ಬೇರೆ ಸರಕಾರ ಬಂದು ಆಗಲೇ ನಾಲ್ಕು ವರ್ಷ ಮೀರಿತ್ತು.