ಜಾಮ್ ಆದ ಜಾಕ್ ಬಿಚ್ಚುವುದು ಹೇಗೆ?

ಮಕ್ಕಳೇ, ತಿಪ್ಪೆಗೊಬ್ಬರ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಹೊಲದಲ್ಲಿ ಬಂದು ನಿಲ್ಲುವುದನ್ನು ನೀವು ನೋಡಿರುತ್ತೀರಿ. ಚಾಲಕ ಕುಳಿತಲ್ಲಿಂದಲೇ ಒಂದು ಲಿವರ್ ಎಳೆಯುತ್ತಾನೆ. ಟ್ರೇಲರಿನ ಮುಂಭಾಗ ನಿಧಾನವಾಗಿ ಮೇಲೇಳುತ್ತದೆ, ಗೊಬ್ಬರವೆಲ್ಲ ಹಿಂದಕ್ಕೆ ಜಾರಿ ಬೀಳುತ್ತದೆ. ಹತ್ತು ಜನ ಸೇರಿದರೂ ಎತ್ತಲಾಗದ ಭಾರವನ್ನು ಎತ್ತಿದ್ದು ಯಾವುದು? ಟ್ರೇಲರಿನ ಕೆಳಗಿರುವ ಹೈಡ್ರಾಲಿಕ್ ಸಿಲಿಂಡರ್. ನಮ್ಮ ಊರುಗಳಲ್ಲಿ ಇದನ್ನು ‘ಜಾಕ್’ ಎನ್ನುತ್ತಾರೆ.

ಇದೇ ಜಾಕ್ ಎರಡು ಮೂರು ಮಳೆಗಾಲ ಕೆಲಸವಿಲ್ಲದೆ ಬಯಲಲ್ಲಿ ನಿಂತರೆ ಒಮ್ಮೊಮ್ಮೆ ಒಳಗೇ ಕಚ್ಚಿಕೊಂಡುಬಿಡುತ್ತದೆ. ಲಿವರ್ ಎಳೆದರೂ ಅಲುಗುವುದಿಲ್ಲ. ಆಗ ಅದನ್ನು ಬಿಚ್ಚಲೇಬೇಕು. ಇದು ದೊಡ್ಡವರ, ಅದರಲ್ಲೂ ಕೆಲಸ ಬಲ್ಲ ಮೆಕ್ಯಾನಿಕ್‌ಗಳ ಕೆಲಸ. ಆದರೆ ಇದರ ಹಿಂದಿರುವ ವಿಜ್ಞಾನ ನಿಮಗೂ ಗೊತ್ತಿರಲಿ. ಗೊತ್ತಿಲ್ಲದೆ ಕೈ ಹಾಕಿದರೆ ಪ್ರಾಣಕ್ಕೇ ಅಪಾಯ.

ಜಾಕಿನ ಒಳಗೆ ಏನಿದೆ?

ಜಾಕ್ ಎಂದರೆ ಒಂದು ದಪ್ಪ ಉಕ್ಕಿನ ಕೊಳವೆ. ಅದರೊಳಗೆ ಬಿಗಿಯಾಗಿ ಕೂರುವ ಪಿಸ್ಟನ್ ಇದೆ. ಪಿಸ್ಟನ್‌ಗೆ ಜೋಡಿಸಿದ ಹೊಳೆಯುವ ರಾಡ್ ಕೊಳವೆಯ ಬಾಯಿಯಿಂದ ಹೊರಗೆ ಬರುತ್ತದೆ. ರಾಡ್ ಹೊಳೆಯುವುದು ಅದರ ಮೇಲಿನ ಕ್ರೋಮಿಯಂ ಲೇಪನದಿಂದ. ಕೊಳವೆಯ ಬಾಯಿಗೆ ಮರೆಯಿರುವ ಮುಚ್ಚಳವಿದೆ. ಅದರ ಹೆಸರು ಗ್ಲ್ಯಾಂಡ್. ಎಣ್ಣೆ ಸೋರದಂತೆ ಪಿಸ್ಟನ್ನಿಗೂ ಗ್ಲ್ಯಾಂಡಿಗೂ ರಬ್ಬರಿನಂಥ ವಸ್ತುವಿನ ಸೀಲ್‌ಗಳಿರುತ್ತವೆ. ಕೆಲವು ಜಾಕ್‌ಗಳಲ್ಲಿ ಒಂದರೊಳಗೊಂದು ಸೇರುವ ಹಲವು ಕೊಳವೆಗಳಿರುತ್ತವೆ. ಆದರೆ ತತ್ವ ಒಂದೇ.

ಟ್ರ್ಯಾಕ್ಟರಿನ ಪಂಪು ಒತ್ತಡದಿಂದ ಎಣ್ಣೆಯನ್ನು ಕೊಳವೆಯ ತಳಕ್ಕೆ ಕಳುಹಿಸುತ್ತದೆ. ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ರಾಡ್ ಹೊರಬಂದು ಟ್ರೇಲರನ್ನು ಎತ್ತುತ್ತದೆ.

ಕಚ್ಚಿಕೊಳ್ಳುವುದು ಏಕೆ?

ಕಾಲ ಕಳೆದಂತೆ ಸೀಲ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಮಳೆನೀರು, ದೂಳು ಒಳಗೆ ಇಳಿಯುತ್ತವೆ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ತಳದಲ್ಲಿ ಉಳಿಯುತ್ತದೆ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದರೆ ಏನಾಗುತ್ತದೆ? ನೀವು ಪಾಠದಲ್ಲಿ ಓದಿದ್ದೀರಿ. ತುಕ್ಕು!

ತುಕ್ಕಿಗೆ ಒಂದು ವಿಶೇಷ ಗುಣವಿದೆ. ಅದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಪಿಸ್ಟನ್ನಿಗೂ ಕೊಳವೆಗೂ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ತುಕ್ಕು ಉಬ್ಬಿದರೆ ಬೆಣೆ ಹೊಡೆದಂತೆಯೇ. ಅದಕ್ಕೇ ಪಿಸ್ಟನ್ ಅಲುಗುವುದಿಲ್ಲ.

ಮೊದಲ ಹೆಜ್ಜೆ: ಒತ್ತಡ ಇಳಿಸುವುದು

ಒಳ್ಳೆಯ ಮೆಕ್ಯಾನಿಕ್ ಮೊದಲು ಸುತ್ತಿಗೆ ಹಿಡಿಯುವುದಿಲ್ಲ. ಟ್ರೇಲರ್ ಅರ್ಧ ಎದ್ದು ನಿಂತಿದ್ದರೆ ಅದಕ್ಕೆ ಗಟ್ಟಿಯಾದ ಆಸರೆ ಕೊಡುತ್ತಾನೆ. ಎಂಜಿನ್ ನಿಲ್ಲಿಸಿ ಲಿವರನ್ನು ಹಿಂದೆ ಮುಂದೆ ಆಡಿಸಿ ಉಳಿದ ಒತ್ತಡ ಇಳಿಸುತ್ತಾನೆ. ಆಮೇಲೆ ಎಣ್ಣೆಯ ಪೈಪಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾನೆ. ಹೊರಬಂದ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದು ತಿಳಿಯುತ್ತದೆ.

ನಂತರ ಗ್ಲ್ಯಾಂಡಿನ ಮರೆಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಂದಿಗೆ ತೆಳುವಾದ ಎಣ್ಣೆ ಬಿಟ್ಟು, ಒಂದೆರಡು ದಿನ ಸುಮ್ಮನೆ ಬಿಡುತ್ತಾನೆ. ತೆಳು ಎಣ್ಣೆ ತುಕ್ಕಿನ ಸಣ್ಣ ಬಿರುಕುಗಳಲ್ಲಿ ತಾನಾಗಿ ಏರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಸುತ್ತಲೂ ಮೆಲ್ಲಗೆ ತಟ್ಟಿದರೆ ತುಕ್ಕು ಸಡಿಲವಾಗುತ್ತದೆ. ಆಗ ತಕ್ಕ ಪಾನಾ ಹಾಕಿ ಗ್ಲ್ಯಾಂಡ್ ತಿರುಗಿಸಬಹುದು.

ಪಿಸ್ಟನ್ ಹೊರಡಿಸುವುದು ಯಾರು?

ಗ್ಲ್ಯಾಂಡ್ ಬಿಚ್ಚಿತು, ಆದರೆ ಪಿಸ್ಟನ್ ಒಳಗೇ ಇದೆ. ರಾಡನ್ನು ಎಳೆದರೂ ಬಾರದು, ಸುತ್ತಿಗೆಯಿಂದ ಹೊಡೆದರೆ ರಾಡ್ ಬಾಗುತ್ತದೆ. ಇಲ್ಲಿ ನೆರವಿಗೆ ಬರುವವನು ಫ್ರಾನ್ಸ್ ದೇಶದ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ (1623–1662). ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಅವನು ತಿಳಿಸಿದ. ಈ ನಿಯಮವನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ.

ಒಂದು ಲೆಕ್ಕ ಮಾಡೋಣ. ಪಿಸ್ಟನ್ನಿನ ವ್ಯಾಸ 8 ಸೆಂ.ಮೀ. ಎಂದರೆ ಅದರ ಮುಖದ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಮೆಕ್ಯಾನಿಕ್ ಜಾಕಿನ ತಳಕ್ಕೆ ಒಂದು ಕೈಪಂಪು ಜೋಡಿಸುತ್ತಾನೆ. ಪಂಪಿನ ಪುಟ್ಟ ಪಿಸ್ಟನ್ನಿನ ವಿಸ್ತೀರ್ಣ 1 ಚದರ ಸೆಂ.ಮೀ. ಇರಲಿ. ಪಂಪಿನ ಉದ್ದ ಹಿಡಿ ಸನ್ನೆಯಂತೆ ಕೆಲಸ ಮಾಡಿ ಕೈಯ ಬಲವನ್ನು 10 ಪಟ್ಟು ಹೆಚ್ಚಿಸುತ್ತದೆ. ಕೈಯಿಂದ 10 ಕೆ.ಜಿ. ಭಾರದಷ್ಟು ಒತ್ತಿದರೆ ಪುಟ್ಟ ಪಿಸ್ಟನ್ನಿನ ಮೇಲೆ 100 ಕೆ.ಜಿ. ಭಾರದಷ್ಟು ಬಲ. ಹಾಗಾದರೆ ಜಾಕಿನ ಪಿಸ್ಟನ್ನಿನ ಮೇಲೆ ಎಷ್ಟು? 100 × 50 = 5000 ಕೆ.ಜಿ. ಅಂದರೆ 5 ಟನ್ ಭಾರದಷ್ಟು!

ಬಲ ಪುಕ್ಕಟೆ ಸಿಗುವುದಿಲ್ಲ, ದೂರದಲ್ಲಿ ಬೆಲೆ ಕೊಡಬೇಕು. ಪುಟ್ಟ ಪಿಸ್ಟನ್ 2 ಸೆಂ.ಮೀ. ಇಳಿದರೆ 2 ಘನ ಸೆಂ.ಮೀ. ಎಣ್ಣೆ ಹೋಗುತ್ತದೆ. ದೊಡ್ಡ ಪಿಸ್ಟನ್ 1 ಸೆಂ.ಮೀ. ಸರಿಯಲು 50 ಘನ ಸೆಂ.ಮೀ. ಎಣ್ಣೆ ಬೇಕು. ಅಂದರೆ ಪಂಪನ್ನು 25 ಸಲ ಒತ್ತಬೇಕು.

ಗಾಳಿ ಏಕೆ ಬೇಡ?

‘ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದೆಯಲ್ಲ, ಗಾಳಿ ಬಿಟ್ಟರೆ ಬೇಗ ಆಗದೇ?’ ಎಂದು ನೀವು ಕೇಳಬಹುದು. ಬೇಡವೇ ಬೇಡ. ಕಾರಣವನ್ನು ನೀವೇ ಕಂಡುಕೊಳ್ಳಿ.

ಮಾಡಿ ನೋಡಿ

ಸೂಜಿ ಇಲ್ಲದ ಹೊಸ ಸಿರಿಂಜ್ ಒಂದನ್ನು ತೆಗೆದುಕೊಳ್ಳಿ. ಹಿಡಿ ಎಳೆದು ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ. ಅದು ಅರ್ಧದವರೆಗೂ ಹೋಗಬಹುದು. ಈಗ ಹಿಡಿಯನ್ನು ಬಿಡಿ. ಸ್ಪ್ರಿಂಗಿನಂತೆ ಹಿಂದಕ್ಕೆ ಬಂತಲ್ಲವೇ? ಇನ್ನು ಸಿರಿಂಜಿನಲ್ಲಿ ಗಾಳಿಗುಳ್ಳೆ ಇಲ್ಲದಂತೆ ನೀರು ತುಂಬಿ ಹಾಗೆಯೇ ಒತ್ತಿ. ಹಿಡಿ ಅಲುಗುವುದಿಲ್ಲ, ಬಿಟ್ಟರೆ ಹಿಂದಕ್ಕೂ ಬರುವುದಿಲ್ಲ.

ಗಾಳಿ ಒತ್ತಿದರೆ ಕುಗ್ಗುತ್ತದೆ, ಹಾಕಿದ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ಎಣ್ಣೆಯಾದರೋ ನಮ್ಮ ಲೆಕ್ಕದ ಒತ್ತಡದಲ್ಲೂ ಶೇಕಡಾ 1ರಷ್ಟೂ ಕುಗ್ಗುವುದಿಲ್ಲ. ಎಣ್ಣೆ ತಳ್ಳುವಾಗ ತುಕ್ಕಿನ ಹಿಡಿತ ತಟ್ಟನೆ ಬಿಟ್ಟರೆ ಪಿಸ್ಟನ್ ಒಂದಿಷ್ಟು ಸರಿಯುತ್ತದೆ, ಒತ್ತಡ ಕೂಡಲೇ ಬಿದ್ದುಹೋಗುತ್ತದೆ, ಪಿಸ್ಟನ್ ನಿಲ್ಲುತ್ತದೆ. ಗಾಳಿ ತಳ್ಳುತ್ತಿದ್ದರೆ ಹಿಡಿತ ಬಿಟ್ಟ ಮೇಲೂ ಅದು ಹಿಗ್ಗುತ್ತಲೇ ಇರುತ್ತದೆ. ಹಲವು ಕೆ.ಜಿ. ತೂಗುವ ಪಿಸ್ಟನ್, ರಾಡ್ ಎರಡೂ ಗುಂಡಿನಂತೆ ಹಾರಿಬರುತ್ತವೆ. ಎದುರಿಗೆ ನಿಂತವರು ಉಳಿಯುವುದು ಕಷ್ಟ.

ಅದಕ್ಕೇ ಮೆಕ್ಯಾನಿಕ್ ಜಾಕಿನೊಳಗೆ ಎಣ್ಣೆ ತುಂಬಿ, ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟ ಮೇಲೆಯೇ ಪಂಪು ಒತ್ತುತ್ತಾನೆ. ಜಾಕನ್ನು ಸರಪಳಿಯಿಂದ ಬಿಗಿಯುತ್ತಾನೆ. ರಾಡಿನ ಎದುರು ಯಾರೂ ನಿಲ್ಲದಂತೆ ನೋಡಿಕೊಳ್ಳುತ್ತಾನೆ. ಪಿಸ್ಟನ್ ಬಾಯಿಯ ಹತ್ತಿರ ಬಂದಾಗ ಪಂಪು ನಿಲ್ಲಿಸಿ ಕೈಯಿಂದ ಎಳೆದುಕೊಳ್ಳುತ್ತಾನೆ. ಮುಚ್ಚಿದ ಜಾಕನ್ನು ಬೆಂಕಿಯಿಂದ ಕಾಯಿಸುವುದೂ ಅಷ್ಟೇ ಅಪಾಯ. ಒಳಗೆ ಸಿಕ್ಕಿಬಿದ್ದ ಎಣ್ಣೆ ಕಾದು ಹಿಗ್ಗುತ್ತದೆ, ನೀರು ಆವಿಯಾಗುತ್ತದೆ, ಜಾಕ್ ಸಿಡಿಯಬಹುದು.

ಬಿಚ್ಚಿದ ಮೇಲೆ

ಭಾಗಗಳನ್ನು ಡೀಸೆಲ್‌ನಲ್ಲಿ ತೊಳೆದು ಪರೀಕ್ಷಿಸುತ್ತಾರೆ. ಕೊಳವೆಯ ಒಳಗೋಡೆಯ ತೆಳು ತುಕ್ಕನ್ನು ಉಜ್ಜಿ ನುಣುಪು ಮಾಡಬಹುದು. ಆಳವಾದ ಗುಳಿ ಬಿದ್ದಿದ್ದರೆ ಲೇತ್ ಅಂಗಡಿಗೆ ಒಯ್ಯಬೇಕು, ಇಲ್ಲವೇ ಕೊಳವೆಯನ್ನೇ ಬದಲಿಸಬೇಕು. ಹಳೆಯ ಸೀಲ್‌ಗಳನ್ನು ಮಾತ್ರ ಮತ್ತೆ ಹಾಕುವುದಿಲ್ಲ. ಹೊಸ ಸೀಲಿನ ತುಟಿ ಎಣ್ಣೆಯ ಒತ್ತಡ ಬರುವ ಕಡೆಗೆ ಮುಖ ಮಾಡಿರಬೇಕು. ಆಗ ಒತ್ತಡವೇ ತುಟಿಯನ್ನು ಗೋಡೆಗೆ ಅಗಲಿಸಿ ಒತ್ತಿ ಹಿಡಿಯುತ್ತದೆ.

ಜಾಕ್ ಮತ್ತೆ ಕಚ್ಚಿಕೊಳ್ಳದಿರಲು ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸಬೇಕು. ಮಳೆಗಾಲದಲ್ಲಿ ಟ್ರೇಲರನ್ನು ಪೂರ್ತಿ ಇಳಿಸಿ, ರಾಡ್ ಒಳಗಿರುವಂತೆ ನೆರಳಲ್ಲಿ ನಿಲ್ಲಿಸಬೇಕು.

ನೆನಪಿಡಿ

• ಎತ್ತಿ ನಿಲ್ಲಿಸಿದ ಟ್ರೇಲರಿನ ಕೆಳಗೆ ಎಂದೂ ನುಸುಳಬೇಡಿ. ಪೈಪು ಒಡೆದರೆ ಅದು ಕ್ಷಣದಲ್ಲಿ ಕೆಳಗೆ ಬೀಳುತ್ತದೆ.

• ಪೈಪಿನಿಂದ ಎಣ್ಣೆ ಸೋರುತ್ತಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ದೊಡ್ಡವರು ರಟ್ಟಿನ ತುಂಡು ಹಿಡಿದು ಪರೀಕ್ಷಿಸಲಿ.

• ಹಾಗೆ ಎಣ್ಣೆ ಒಳಗೆ ಹೋದರೆ ಗಾಯ ಚುಕ್ಕೆಯಷ್ಟಿದ್ದು ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಯೋಚಿಸಿ ಉತ್ತರಿಸಿ

1. ಪಿಸ್ಟನ್ನಿನ ವಿಸ್ತೀರ್ಣ 80 ಚದರ ಸೆಂ.ಮೀ. ಇದ್ದರೆ ಮೇಲಿನ ಕೈಪಂಪಿನಿಂದ ಎಷ್ಟು ಬಲ ಸಿಗುತ್ತದೆ? ಅದು 1 ಸೆಂ.ಮೀ. ಸರಿಯಲು ಪಂಪನ್ನು ಎಷ್ಟು ಸಲ ಒತ್ತಬೇಕು?

2. ನೀರು ತುಂಬಿದ ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೆ ಹಿಡಿ ಹೇಗೆ ವರ್ತಿಸುತ್ತದೆ? ಮಾಡಿ ನೋಡಿ, ನಿಮ್ಮ ಶಿಕ್ಷಕರಿಗೆ ತಿಳಿಸಿ.

3. ನಿಮ್ಮ ಊರಿನಲ್ಲಿ ಹೈಡ್ರಾಲಿಕ್ ಜಾಕ್ ಇರುವ ಯಂತ್ರಗಳು ಯಾವುವು? ಪಟ್ಟಿ ಮಾಡಿ.