ಹೊಸ್ತಿಲಿನ ಒಳಗಿನ ಹೊಗೆ

ಇನ್ನಂಜೆಯ ರೈಲು ನಿಲ್ದಾಣದಲ್ಲಿ ಬೀಡಿ ಹೊತ್ತಿಸುವುದು ದಂಡಾರ್ಹ ಅಪರಾಧ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು 2003ರ ಕಾಯಿದೆ ವಿಧಿಸಿತು. 2008ರ ಅಕ್ಟೋಬರ್ 2ರಿಂದ ನಿಯಮಗಳು ಇನ್ನಷ್ಟು ಬಿಗಿಯಾದವು. ಆದರೆ ಅದೇ ಮನುಷ್ಯನು ತನ್ನ ಮನೆಯ ಜಗಲಿಯಲ್ಲಿ ಕುಳಿತು ಸೇದಿದರೆ ಕೇಳುವವರಿಲ್ಲ. ಕಾಯಿದೆಯ ಕೈ ಚಾಚುವುದು ಹೊಸ್ತಿಲಿನವರೆಗೆ. ದಮ್ಮಿನ ಮಗು ಇರುವುದು ಹೊಸ್ತಿಲಿನ ಒಳಗೆ.

ಒಂದು ಮಳೆಗಾಲ, ರೋಗಿಯೊಬ್ಬರಿಗೆ ಪರಮಪ್ರಸಾದ ಕೊಂಡೊಯ್ದ ಮನೆಯಲ್ಲಿ ಏಳೆಂಟು ವರ್ಷದ ಬಾಲಕಿಯೊಬ್ಬಳು ಗೋಡೆಗೊರಗಿ, ಭುಜವೆತ್ತಿ ಉಸಿರೆಳೆಯುತ್ತಿದ್ದಳು. ಇನ್‌ಹೇಲರ್ ಕಪಾಟಿನ ಮೇಲಿತ್ತು. "ಅದು ಅಭ್ಯಾಸವಾಗಿಬಿಡುತ್ತದೆ ಫಾದರ್, ಹೆಣ್ಣು ಮಗು, ನಾಳೆ ಸಂಬಂಧ ಕೂಡಿಬರಬೇಕಲ್ಲ" ಎಂದರು ಅಜ್ಜಿ. ತಂದೆಯ ಬೀಡಿಕಟ್ಟೂ ಅದೇ ಕಪಾಟಿನಲ್ಲಿತ್ತು. ಇವೆರಡರಲ್ಲಿ ಅಭ್ಯಾಸವಾಗುವುದು ಯಾವುದೆಂದು ಕೇಳಬೇಕೆನಿಸಿತು. ಆಗ ರಿಕ್ಷಾ ಕರೆಸುವ ಅವಸರವಿತ್ತು.

ದಮ್ಮಿನಲ್ಲಿ ಶ್ವಾಸನಾಳಗಳ ಒಳಪದರ ಬಾತುಕೊಂಡಿರುತ್ತದೆ. ಹೊಗೆ ಅದನ್ನು ಕೆರಳಿಸಿ ನಾಳಗಳನ್ನು ಬಿಗಿಯುತ್ತದೆ. ಇನ್‌ಹೇಲರ್‌ಗಳಲ್ಲಿ ಒಂದು ಬಗೆ, ಉಬ್ಬಸ ಬಂದಾಗ ನಾಳವನ್ನು ಸಡಿಲಿಸುವಂಥದು. ಇನ್ನೊಂದು ಬಾವನ್ನು ಇಳಿಸುವ ಸ್ಟೀರಾಯ್ಡ್. ಮಗು ಆಡಿಕೊಂಡಿರುವ ದಿನಗಳಲ್ಲಿಯೂ ವೈದ್ಯರು ಹೇಳಿದಷ್ಟು ಕಾಲ ಕೊಡಬೇಕಾದದ್ದು. ನಮ್ಮವರು ನಿಲ್ಲಿಸಿಬಿಡುವುದು ಇದನ್ನೇ. ಮದ್ದು ನೇರವಾಗಿ ಶ್ವಾಸಕೋಶಕ್ಕೆ ಇಳಿಯುವುದರಿಂದ ಮೈಕ್ರೋಗ್ರಾಂಗಳ ಲೆಕ್ಕದಲ್ಲಿ ಸಾಕಾಗುತ್ತದೆ. ಚಟ ಹಿಡಿಸುವ ಗುಣ ಅದಕ್ಕಿಲ್ಲ. ಚಿಕ್ಕವರಿಗೆ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿ ಕೊಡುತ್ತಾರೆ.

ಆದರೆ ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಬೀಡಿ ಇರುವ ಮನೆಯಲ್ಲಿ ಮದ್ದಿನ ಕೆಲಸ ಕಠಿಣವಾಗುತ್ತದೆ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಇಷ್ಟು ಹೊಗೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಟಕಿ ತೆರೆದರೆ ಹೊಗೆ ಪೂರ್ತಿ ಹೋಗದು. ಅಂಗಿಯಲ್ಲಿ, ಹಾಸಿಗೆಯಲ್ಲಿ ಅದರ ಅಂಶ ಉಳಿಯುತ್ತದೆ. (ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರ ಕರಾವಳಿ ಇದು, ಬೀಡಿಯನ್ನು ಹಳಿಯಲು ನಾಲಿಗೆ ಸುಲಭವಾಗಿ ಏಳದು.)

"ಮಗುವಿಗೆ ಕೇಡಾಗಲೆಂದು ಸೇದುತ್ತೇನೆಯೇ?" ಎಂದು ಆ ತಂದೆ ಕೇಳಿದ್ದರು. ಖಂಡಿತ ಇಲ್ಲ. ಆದರೆ ಬೇಕೆಂದು ಮಾಡದ ಹಾನಿಗೂ, ತಕ್ಕ ಎಚ್ಚರ ವಹಿಸದಿದ್ದಲ್ಲಿ, ಮನುಷ್ಯನು ಹೊಣೆಗಾರನೆಂದು ಸಂತ ಥಾಮಸ್ ಅಕ್ವಿನಾಸರು ಏಳು ಶತಮಾನಗಳ ಹಿಂದೆಯೇ ವಿವೇಚಿಸಿದ್ದಾರೆ. ಸೆಮಿನರಿಯಲ್ಲಿ ಓದಿದ ಆ ಪಾಠ ನನಗೆ ಅರ್ಥವಾದದ್ದು ಆ ಕಪಾಟಿನ ಎದುರು.

ಈಗ ಅವರು ಗದ್ದೆಯ ಅಂಚಿಗೆ ಹೋಗಿ ಸೇದುತ್ತಾರಂತೆ. ಅಷ್ಟು ಸಾಲದು. ಬಿಡಲು ಬಯಸುವವರಿಗೆ 1800 11 2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಸಂಖ್ಯೆಯನ್ನು ಬರೆದುಕೊಟ್ಟು ಬಂದಿದ್ದೇನೆ. ಇನ್‌ಹೇಲರ್ ಕಪಾಟಿನ ಮೇಲಿಂದ ಇಳಿದು ಹುಡುಗಿಯ ಶಾಲಾ ಚೀಲ ಸೇರಿದೆ.